ಕುಷ್ಠರೋಗಾಣುವಿನ ಪ್ರೋಟೀನುಗಳನ್ನು ನಮ್ಮ ದೇಹ ಗುರುತಿಸುವ ಬಗೆ

ಬೊರಿವಲಿ: ಪ್ರತಿವರ್ಷ ಜನವರಿ 30ರಂದು, ಮಹಾತ್ಮಾ ಗಾಂಧೀಜಿಯವರ ಪುಣ್ಯತಿಥಿಯ ದಿನ, ನಮ್ಮ ದೇಶದಲ್ಲಿ ಕುಷ್ಠರೋಗ ನಿವಾರಣಾ ದಿನವನ್ನು ಆಚರಿಸಲಾಗುತ್ತದೆ. ರಾಷ್ಟ್ರಮಟ್ಟದಲ್ಲಿ ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಗುರಿಯನ್ನು ಭಾರತವು 2005ರ ಡಿಸೆಂಬರ್‌ನಲ್ಲಿ ತಲುಪಿತು. ಆ ಘೋಷಣೆಯನ್ನು ಕೇಳಿದ ನಮ್ಮಲ್ಲಿ ಬಹುಮಂದಿ, ಈ ರೋಗವು ದೇವಸ್ಥಾನದ ಮೆಟ್ಟಿಲುಗಳ ಮೇಲೆ ಕುಳಿತ ಹಳೆಯ ತಲೆಮಾರಿನೊಂದಿಗೆ ಮುಗಿದುಹೋಯಿತು ಎಂದೇ ಭಾವಿಸಿದ್ದಾರೆ. ವಾಸ್ತವ ಹಾಗಿಲ್ಲ. 2023ರಲ್ಲಿ ಜಗತ್ತಿನಾದ್ಯಂತ ಪತ್ತೆಯಾದ 1,82,815 ಹೊಸ ರೋಗಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಭಾರತದವರೇ ಆಗಿದ್ದರು.

ಬೊರಿವಲಿ, ಕಾಂದಿವಲಿ, ದಹಿಸರ್ ಪರಿಸರದಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆನಿಂತ ನಮ್ಮ ಕನ್ನಡ ಕುಟುಂಬಗಳಲ್ಲಿ ಈ ರೋಗದ ಹೆಸರನ್ನು ಗಟ್ಟಿಯಾಗಿ ಉಚ್ಚರಿಸುವ ರೂಢಿಯಿಲ್ಲ. ಮನೆಯ ಹುಡುಗಿಗೋ ಹುಡುಗನಿಗೋ ಸಂಬಂಧ ಹುಡುಕುತ್ತಿರುವಾಗ ಬೆನ್ನಿನ ಮೇಲೊಂದು ಮಚ್ಚೆ ಕಂಡರೆ ಅದನ್ನು ವೈದ್ಯರಿಗೆ ತೋರಿಸುವುದಕ್ಕಿಂತ ಮುಚ್ಚಿಡುವುದೇ ಮೇಲೆಂದು ಹಿರಿಯರಿಗೆ ತೋರುತ್ತದೆ. ಈ ಮುಚ್ಚಿಡುವಿಕೆಯಿಂದ ಆಗುವ ಹಾನಿ ಎಂಥದು ಎಂಬುದು ರೋಗಾಣುವಿಗೂ ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಗೂ ನಡುವೆ ನಡೆಯುವ ವ್ಯವಹಾರವನ್ನು ಅರಿತವರಿಗೆ ಮಾತ್ರ ಸ್ಪಷ್ಟವಾಗುತ್ತದೆ. ಕುಷ್ಠರೋಗದಲ್ಲಿ ಕೈಬೆರಳು ಮಡಚಿಕೊಳ್ಳುವುದು, ಪಾದದಲ್ಲಿ ಹುಣ್ಣಾಗುವುದು ಇವು ಬಹುಮಟ್ಟಿಗೆ ರೋಗಾಣು ಕಚ್ಚಿ ತಿಂದ ಫಲವಲ್ಲ. ರೋಗಾಣುವಿನ ಪ್ರೋಟೀನುಗಳನ್ನು ನಮ್ಮದೇ ದೇಹ ಯಾವಾಗ ಗುರುತಿಸಿತು, ಹೇಗೆ ಗುರುತಿಸಿತು, ಎಷ್ಟು ಉಗ್ರವಾಗಿ ಪ್ರತಿಕ್ರಿಯಿಸಿತು ಎಂಬುದರ ಫಲ. ಈ ಲೇಖನದಲ್ಲಿ ನಾವು ವಿವರಿಸಲು ಬಯಸುವುದು ಅದನ್ನೇ.

ಮೊದಲಿಗೆ ಹೆಸರಿನ ಗೊಂದಲವೊಂದನ್ನು ನಿವಾರಿಸಿಕೊಳ್ಳೋಣ. ಕನ್ನಡದಲ್ಲಿ ತೊನ್ನು ಎಂದು ಕರೆಯುವ ಬಿಳಿಮಚ್ಚೆಗೆ ಶ್ವೇತಕುಷ್ಠ ಎಂಬ ಹೆಸರೂ ಇರುವುದರಿಂದ ಎರಡೂ ಒಂದೇ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ತೊನ್ನಿನಲ್ಲಿ ಚರ್ಮವು ತನ್ನ ಬಣ್ಣವನ್ನಷ್ಟೇ ಕಳೆದುಕೊಳ್ಳುತ್ತದೆ. ಅದು ಸೋಂಕಲ್ಲ, ಹರಡುವುದಿಲ್ಲ, ಸ್ಪರ್ಶಜ್ಞಾನ ಹಾಗೆಯೇ ಉಳಿದಿರುತ್ತದೆ. ಕುಷ್ಠದ ಮಚ್ಚೆ ಹಾಲಿನಂತೆ ಬೆಳ್ಳಗಿರುವುದಿಲ್ಲ. ತುಸು ಮಂಕಾಗಿ ಅಥವಾ ಕೆಂಪಗೆ ಇದ್ದು, ಬಹಳಷ್ಟು ಸಲ ಅಲ್ಲಿ ಮುಟ್ಟಿದ್ದು, ಬಿಸಿ, ನೋವು ತಿಳಿಯುವುದಿಲ್ಲ.

ರೋಗಾಣುವಿನ ಪರಿಚಯ

ನಾರ್ವೆಯ ಬರ್ಗೆನ್ ನಗರದ ವೈದ್ಯ ಗೆರ್ಹಾರ್ಡ್ ಆರ್ಮೌರ್ ಹ್ಯಾನ್ಸನ್ ಅವರು 1873ರಲ್ಲಿ ಈ ರೋಗದ ಬ್ಯಾಕ್ಟೀರಿಯವನ್ನು ಗುರುತಿಸಿದರು. ಮೈಕೋಬ್ಯಾಕ್ಟೀರಿಯಮ್ ಲೆಪ್ರೆ ಎಂಬುದು ಅದರ ಶಾಸ್ತ್ರೀಯ ಹೆಸರು. ಕ್ಷಯದ ರೋಗಾಣುವಿಗೆ ದಾಯಾದಿ. ಒಂದೂವರೆ ಶತಮಾನ ಕಳೆದರೂ ಇದನ್ನು ಪ್ರಯೋಗಾಲಯದ ಕೃತಕ ಮಾಧ್ಯಮದಲ್ಲಿ ಬೆಳೆಸಲು ಸಾಧ್ಯವಾಗಿಲ್ಲ. 1960ರಲ್ಲಿ ಇಲಿಯ ಪಾದದಲ್ಲಿಯೂ 1971ರಲ್ಲಿ ಆರ್ಮಡಿಲ್ಲೋ ಎಂಬ ಅಮೆರಿಕದ ಚಿಪ್ಪುಪ್ರಾಣಿಯಲ್ಲಿಯೂ ಬೆಳೆಸಲಾದದ್ದೇ ದೊಡ್ಡ ಸಾಧನೆಯೆನಿಸಿತು. ಒಂದು ರೋಗಾಣು ಎರಡಾಗಲು ಸುಮಾರು 12ರಿಂದ 14 ದಿನಗಳು ಬೇಕು. ದೇಹದ ಒಳಗಿನ ಬಿಸಿಗಿಂತ ತುಸು ತಂಪಾದ ಸ್ಥಳವೇ ಅದಕ್ಕೆ ಪ್ರಿಯ. ಆದ್ದರಿಂದಲೇ ಚರ್ಮ, ಮೂಗು, ಕಿವಿಯ ಹಾಲೆ, ಮತ್ತು ಚರ್ಮಕ್ಕೆ ಸಮೀಪವಾಗಿ ಹಾದುಹೋಗುವ ನರಗಳಲ್ಲಿ ಅದು ಬೀಡುಬಿಡುತ್ತದೆ.

2001ರಲ್ಲಿ ಇದರ ವಂಶವಾಹಿಗಳ ಸಂಪೂರ್ಣ ನಕ್ಷೆ ಪ್ರಕಟವಾಯಿತು. ಅದಕ್ಕೆ ಬಳಸಿದ ರೋಗಾಣು ತಮಿಳುನಾಡಿನ ಒಬ್ಬ ರೋಗಿಯಿಂದ ಪಡೆದದ್ದಾಗಿತ್ತು. ಕ್ಷಯದ ರೋಗಾಣುವಿನಲ್ಲಿ ಸುಮಾರು 4,000 ವಂಶವಾಹಿಗಳಿದ್ದರೆ, ಇದರಲ್ಲಿ ಪ್ರೋಟೀನನ್ನು ತಯಾರಿಸಬಲ್ಲವು ಸುಮಾರು 1,600 ಮಾತ್ರ. ಇನ್ನು 1,100ರಷ್ಟು ಕೆಟ್ಟು ನಿಂತ ಯಂತ್ರಗಳಂತೆ ನಿಷ್ಕ್ರಿಯವಾಗಿವೆ. ಮನುಷ್ಯನ ಜೀವಕೋಶದೊಳಗೆ ಪರಾವಲಂಬಿಯಾಗಿ ಬಾಳಿ ಬಾಳಿ ತನಗೆ ಬೇಡವಾದುದನ್ನೆಲ್ಲ ಅದು ಕಳೆದುಕೊಂಡಿದೆ. ಉಳಿದ ಆ 1,600ರ ಪೈಕಿ ಯಾವ ಪ್ರೋಟೀನುಗಳನ್ನು ನಮ್ಮ ದೇಹ ಕಂಡುಹಿಡಿಯುತ್ತದೆ ಎಂಬುದೇ ಮುಂದಿನ ಪ್ರಶ್ನೆ.

ಎರಡು ಬಗೆಯ ಗುರುತು

ರೋಗಾಣು ಒಳಹೊಕ್ಕಾಗ ಅದನ್ನು ಮೊದಲು ಎದುರುಗೊಳ್ಳುವುದು ಭಕ್ಷಕ ಕೋಶಗಳು. ಇವುಗಳ ಹೊರಮೈಯಲ್ಲಿ, ಬ್ಯಾಕ್ಟೀರಿಯಗಳಿಗೆ ಸಾಮಾನ್ಯವಾದ ಕೆಲವು ಚಹರೆಗಳನ್ನು ಮುಟ್ಟಿ ತಿಳಿಯುವ ಗ್ರಾಹಕಗಳಿವೆ. ಕುಷ್ಠರೋಗಾಣುವಿನ ಹೊದಿಕೆಯಲ್ಲಿರುವ, ಕೊಬ್ಬಿನೊಂದಿಗೆ ಬೆಸೆದುಕೊಂಡ ಕೆಲವು ಪ್ರೋಟೀನುಗಳನ್ನು ಟೋಲ್ ಗ್ರಾಹಕಗಳೆಂಬ ಕುಟುಂಬದ 1 ಮತ್ತು 2ನೆಯವು ಜೋಡಿಯಾಗಿ ಗುರುತಿಸುತ್ತವೆ ಎಂಬುದು 2003ರಲ್ಲಿ ತಿಳಿದುಬಂತು. ಇದು ಬಾಗಿಲಿನ ಕಾವಲುಗಾರನು ಅಪರಿಚಿತನನ್ನು ಕಂಡು ಕೂಗಿದಂತೆ. ಬಂದವನು ಯಾರೆಂಬ ವಿವರ ಅವನಿಗೆ ತಿಳಿಯದು.

ವಿವರವನ್ನು ತಿಳಿಯುವ ಕೆಲಸ ಎರಡು ಬಗೆಯ ಬಿಳಿ ರಕ್ತಕಣಗಳದ್ದು. ಬಿ ಕೋಶಗಳು ತಯಾರಿಸುವ ಪ್ರತಿಕಾಯಗಳು ಪ್ರೋಟೀನಿನ ಹೊರ ಆಕಾರವನ್ನು, ಅದು ಇದ್ದಂತೆಯೇ, ಹಿಡಿಯುತ್ತವೆ. ಟಿ ಕೋಶಗಳ ರೀತಿ ಬೇರೆ. ಇಡೀ ಪ್ರೋಟೀನು ಎದುರಿಗೆ ಬಂದು ನಿಂತರೂ ಅವುಗಳಿಗೆ ಅದು ಕಾಣುವುದಿಲ್ಲ. ಭಕ್ಷಕ ಕೋಶವು ರೋಗಾಣುವನ್ನು ನುಂಗಿ, ಅದರ ಪ್ರೋಟೀನುಗಳನ್ನು ತುಂಡುತುಂಡಾಗಿ ಕತ್ತರಿಸಿ, ಹದಿನೈದರ ಆಸುಪಾಸಿನ ಅಮೈನೋ ಆಮ್ಲಗಳ ಒಂದೊಂದು ತುಣುಕನ್ನು ಎಚ್‌ಎಲ್‌ಎ ಎಂಬ ತಟ್ಟೆಯ ಮೇಲಿಟ್ಟು ತನ್ನ ಹೊರಮೈಯಲ್ಲಿ ಪ್ರದರ್ಶಿಸಬೇಕು. ಆ ತುಣುಕಿಗೂ ತಟ್ಟೆಗೂ ಒಟ್ಟಾಗಿ ಹೊಂದುವ ಟಿ ಕೋಶವಷ್ಟೇ ಅದನ್ನು ಗುರುತಿಸಿ ಎಚ್ಚೆತ್ತುಕೊಳ್ಳುತ್ತದೆ. ಯಕ್ಷಗಾನವನ್ನು ಬಲ್ಲ ನಮ್ಮ ಓದುಗರಿಗೆ ಇದು ಕಷ್ಟದ ಮಾತಲ್ಲ. ಬಣ್ಣದ ವೇಷದ ತೆರೆಕುತ್ತಿನಲ್ಲಿ ತೆರೆಯ ಮೇಲೆ ಕಿರೀಟದ ಅಂಚಷ್ಟೇ ಕಂಡರೂ ಅನುಭವಿ ಪ್ರೇಕ್ಷಕನು ಬಂದವನಾರೆಂದು ಹೇಳಬಲ್ಲ. ಟಿ ಕೋಶಕ್ಕೆ ಕಾಣುವುದೂ ಅಷ್ಟೇ, ಅಂಚು ಮಾತ್ರ. ಆದರೆ ತೆರೆ ಹಿಡಿಯುವವರು ಬೇಕೇ ಬೇಕು.

ಎಚ್‌ಎಲ್‌ಎ ತಟ್ಟೆಗಳ ವಿನ್ಯಾಸ ಮನುಷ್ಯನಿಂದ ಮನುಷ್ಯನಿಗೆ ಭಿನ್ನವಾಗಿದ್ದು, ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತದೆ. ಹಾಗಾಗಿ ಒಂದೇ ರೋಗಾಣುವಿನ ಒಂದೇ ಪ್ರೋಟೀನು ಇಬ್ಬರ ದೇಹಗಳಲ್ಲಿ ಬೇರೆಬೇರೆ ತುಣುಕುಗಳಾಗಿ ಪ್ರದರ್ಶಿತವಾಗಬಹುದು. ಒಬ್ಬರಲ್ಲಿ ಬಲವಾದ ಪ್ರತಿಕ್ರಿಯೆ, ಇನ್ನೊಬ್ಬರಲ್ಲಿ ದುರ್ಬಲ ಪ್ರತಿಕ್ರಿಯೆ ಉಂಟಾಗಬಹುದು. ಕುಷ್ಠರೋಗವು ವಂಶಪಾರಂಪರ್ಯವಾಗಿ ಬರುವುದಿಲ್ಲ. ರೋಗಾಣುವಿಗೆ ಎದುರಾಗಿ ದೇಹ ಒಲಿಯುವ ದಾರಿಯಲ್ಲಿ ಮಾತ್ರ ವಂಶದ ಪಾಲು ಕೊಂಚ ಇದೆ. ಈ ಎರಡು ಮಾತುಗಳ ಅಂತರವನ್ನು ಸಂಬಂಧ ಕುದುರಿಸುವ ಹಿರಿಯರು ದಯವಿಟ್ಟು ಗಮನಿಸಬೇಕು.

ಯಾವ ಪ್ರೋಟೀನುಗಳು?

1985ರಲ್ಲಿ ಅಮೆರಿಕದ ಸಂಶೋಧಕರು ಈ ರೋಗಾಣುವಿನ ಐದು ಮುಖ್ಯ ಪ್ರೋಟೀನುಗಳ ವಂಶವಾಹಿಗಳನ್ನು ಬೇರ್ಪಡಿಸಿ ತೋರಿಸಿದರು. ತೂಕದ ಆಧಾರದಲ್ಲಿ ಅವುಗಳನ್ನು 65, 36, 28, 18 ಮತ್ತು 12 ಕಿಲೋಡಾಲ್ಟನ್ ಪ್ರೋಟೀನುಗಳೆಂದು ಕರೆಯಲಾಯಿತು. ಬೆಳೆಸಲಾಗದ ರೋಗಾಣುವಿನ ಪ್ರೋಟೀನನ್ನು ಇನ್ನೊಂದು ನಿರುಪದ್ರವಿ ಬ್ಯಾಕ್ಟೀರಿಯದೊಳಗೆ ತಯಾರಿಸಿಕೊಳ್ಳುವ ದಾರಿ ಇದರಿಂದ ತೆರೆಯಿತು. 1991ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಇಂದಿರಾ ನಾಥ್ ಅವರ ತಂಡವು ರೋಗಿಗಳ ರಕ್ತದ ಪ್ರತಿಕಾಯಗಳನ್ನೇ ಗಾಳವಾಗಿ ಬಳಸಿ ಎಲ್‌ಎಸ್‌ಆರ್ ಎಂಬ ಮತ್ತೊಂದು ಪ್ರೋಟೀನನ್ನು ಹಿಡಿಯಿತು.

ಇವುಗಳಲ್ಲಿ 65ರ ಪ್ರೋಟೀನು ವಿಶೇಷ ಕುತೂಹಲದ್ದು. ಅದು ಜೀವಕೋಶವು ಬಿಸಿಗೋ ಒತ್ತಡಕ್ಕೋ ಸಿಲುಕಿದಾಗ ಹೆಚ್ಚಾಗಿ ತಯಾರಾಗುವ ರಕ್ಷಕ ಪ್ರೋಟೀನುಗಳ ಗುಂಪಿಗೆ ಸೇರಿದೆ. ಕ್ಷಯದ ರೋಗಾಣುವಿನಲ್ಲಿ ಅದರ ಪಡಿಯಚ್ಚು ಇದೆ. ಅಷ್ಟೇಕೆ, ನಮ್ಮ ಸ್ವಂತ ಜೀವಕೋಶಗಳಲ್ಲಿರುವ ಅದೇ ಜಾತಿಯ ಪ್ರೋಟೀನಿಗೂ ಅದಕ್ಕೂ ಸುಮಾರು ಅರ್ಧದಷ್ಟು ಸಾಮ್ಯವಿದೆ. ಪರಕೀಯನನ್ನು ಗುರುತಿಸಲು ಹೊರಟ ಕಾವಲುಗಾರನಿಗೆ ಮನೆಯವನಂತೆಯೇ ಕಾಣುವ ಮುಖ ಎದುರಾದಂತೆ ಇದು.

ಈ ಸಾಮ್ಯಕ್ಕೆ ಲಾಭವೂ ಇದೆ, ನಷ್ಟವೂ ಇದೆ. ಎಳೆಯ ಮಕ್ಕಳ ಎಡತೋಳಿಗೆ ಹಾಕುವ ಬಿಸಿಜಿ ಲಸಿಕೆ ಕ್ಷಯಕ್ಕಾಗಿ ರೂಪಿಸಿದ್ದಾದರೂ ದಾಯಾದಿ ರೋಗಾಣುವಿನ ಪ್ರೋಟೀನುಗಳ ಪರಿಚಯವನ್ನೂ ಮಾಡಿಕೊಡುವುದರಿಂದ ಕುಷ್ಠದ ವಿರುದ್ಧವೂ ಒಂದಷ್ಟು ರಕ್ಷಣೆ ನೀಡುತ್ತದೆ. ನಷ್ಟವೆಂದರೆ, ಹೀಗೆ ಹಂಚಿಕೊಂಡ ಪ್ರೋಟೀನುಗಳನ್ನು ಆಧರಿಸಿ ರಕ್ತಪರೀಕ್ಷೆ ತಯಾರಿಸಿದರೆ ಬಿಸಿಜಿ ಪಡೆದವರೂ ಕ್ಷಯಕ್ಕೆ ಒಡ್ಡಿಕೊಂಡವರೂ ಅದರಲ್ಲಿ ಸಿಕ್ಕಿಬೀಳುತ್ತಾರೆ. ಮುಂಬಯಿಯ ಲೋಕಲ್ ರೈಲುಗಳಲ್ಲಿ ಪ್ರಯಾಣಿಸುವ ನಮ್ಮಲ್ಲಿ ಕ್ಷಯಕ್ಕೆ ಒಡ್ಡಿಕೊಳ್ಳದವರು ಎಷ್ಟು ಮಂದಿ! ಹಾಗಾಗಿ ಕುಷ್ಠದ ನಿರ್ಣಯವು ಇಂದಿಗೂ ಮುಖ್ಯವಾಗಿ ವೈದ್ಯರ ಕಣ್ಣು ಮತ್ತು ಬೆರಳುಗಳ ಮೇಲೆಯೇ ನಿಂತಿದೆ: ಮಚ್ಚೆಯ ಸ್ಪರ್ಶಪರೀಕ್ಷೆ, ದಪ್ಪವಾದ ನರವನ್ನು ತಡವಿ ನೋಡುವುದು, ಅಗತ್ಯವಿದ್ದಲ್ಲಿ ಚರ್ಮದ ಮೇಲೆ ಸಣ್ಣ ಗೀರೆಳೆದು ಪಡೆದ ರಸವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು.

ಒಂದೇ ರೋಗ, ಎರಡು ತುದಿಗಳು

ಜನಸಂಖ್ಯೆಯ ಶೇಕಡಾ 95ಕ್ಕೂ ಹೆಚ್ಚು ಮಂದಿಗೆ ಈ ರೋಗಾಣು ಒಳಹೊಕ್ಕರೂ ರೋಗ ಬರುವುದಿಲ್ಲ. ಅವರ ಟಿ ಕೋಶಗಳು ಸದ್ದಿಲ್ಲದೆ ಅದನ್ನು ಮುಗಿಸಿಬಿಡುತ್ತವೆ. ಉಳಿದವರಲ್ಲಿ ರೋಗ ಯಾವ ರೂಪ ತಾಳುತ್ತದೆ ಎಂಬುದನ್ನು ರಿಡ್ಲಿ ಮತ್ತು ಜಾಪ್ಲಿಂಗ್ ಎಂಬ ಬ್ರಿಟಿಷ್ ವೈದ್ಯರು 1966ರಲ್ಲಿ ಐದು ಮೆಟ್ಟಿಲುಗಳಾಗಿ ವಿಂಗಡಿಸಿದರು. ಆ ಮೆಟ್ಟಿಲುಗಳು ವಾಸ್ತವದಲ್ಲಿ ರೋಗಾಣುವಿನ ಬಗೆಗಳಲ್ಲ, ರೋಗಿಯ ಪ್ರತಿರೋಧದ ಅಳತೆ.

ಒಂದು ತುದಿಯಲ್ಲಿ ಟಿ ಕೋಶಗಳ ಪ್ರತಿಕ್ರಿಯೆ ಬಲವಾಗಿರುತ್ತದೆ. ಅವು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವನ್ನು ಹೊರಡಿಸಿ ಭಕ್ಷಕ ಕೋಶಗಳನ್ನು ಕೆರಳಿಸುತ್ತವೆ. ರೋಗಾಣುಗಳು ಹುಡುಕಿದರೂ ಸಿಗದಷ್ಟು ಕಡಿಮೆ. ಒಂದೆರಡು ಮಚ್ಚೆಗಳು ಮಾತ್ರ. ಇನ್ನೊಂದು ತುದಿಯ ಲೆಪ್ರೊಮೇಟಸ್ ಕುಷ್ಠದಲ್ಲಿ ಟಿ ಕೋಶಗಳು ಈ ರೋಗಾಣುವಿನ ಮಟ್ಟಿಗೆ ಮೌನವಾಗಿರುತ್ತವೆ. ಅದೇ ರೋಗಿಯ ಟಿ ಕೋಶಗಳು ಕ್ಷಯದ ಪ್ರೋಟೀನುಗಳಿಗೆ ಉತ್ತರ ಕೊಡಬಲ್ಲವು, ಇದಕ್ಕೆ ಮಾತ್ರ ಇಲ್ಲ. ಪರಿಣಾಮವಾಗಿ ಒಂದು ಗ್ರಾಂ ಅಂಗಾಂಶದಲ್ಲಿ ನೂರು ಕೋಟಿ ರೋಗಾಣುಗಳು ತುಂಬಿಕೊಳ್ಳಬಹುದು. ವಿಚಿತ್ರವೆಂದರೆ ಇಂಥವರ ರಕ್ತದಲ್ಲಿ ಪ್ರತಿಕಾಯಗಳಿಗೆ ಕೊರತೆಯಿಲ್ಲ. ಆದರೆ ರೋಗಾಣು ಕುಳಿತಿರುವುದು ಜೀವಕೋಶದ ಒಳಗೆ. ಹೊರಗೆ ರಕ್ತದಲ್ಲಿ ಹರಿಯುವ ಪ್ರತಿಕಾಯಗಳು ಬಾಗಿಲು ಬಡಿದು ಹಿಂದಿರುಗಬೇಕಷ್ಟೆ. 1991ರ ಅಧ್ಯಯನಗಳು ಎರಡು ತುದಿಗಳ ಮಚ್ಚೆಗಳಲ್ಲಿ ಬೇರೆಬೇರೆ ಸಂದೇಶವಸ್ತುಗಳು ಇರುವುದನ್ನು ತೋರಿಸಿದವು: ಒಂದರಲ್ಲಿ ಹೋರಾಟಕ್ಕೆ ಕರೆಯುವಂಥವು, ಇನ್ನೊಂದರಲ್ಲಿ ಅದನ್ನು ತಣಿಸುವಂಥವು. ಈ ಮೌನಕ್ಕೆ ಮೂಲ ಕಾರಣ ಟಿ ಕೋಶದಲ್ಲಿದೆಯೋ ತುಣುಕನ್ನು ಪ್ರದರ್ಶಿಸುವ ಭಕ್ಷಕ ಕೋಶದಲ್ಲಿದೆಯೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ದೀರ್ಘಕಾಲ ನಡೆದಿದೆ. ಎರಡೂ ಪಾಲುದಾರರೆಂದು ಹೇಳುವುದೇ ಸದ್ಯಕ್ಕೆ ಸಮಂಜಸ.

ನಮ್ಮ ಮಹಾನಗರದ ಕೊಡುಗೆ

ಈ ಜ್ಞಾನದ ಒಂದು ಭಾಗ ಮುಂಬಯಿಯಲ್ಲೇ ರೂಪುಗೊಂಡಿತೆಂಬುದು ನಮಗೆ ಅಭಿಮಾನದ ಸಂಗತಿ. ಬೊರಿವಲಿಯಿಂದ ಹೊರಟು ಅಂಧೇರಿಯಲ್ಲಿ ಹಾರ್ಬರ್ ಮಾರ್ಗದ ರೈಲು ಹಿಡಿದರೆ ಸಿಗುವ ವಡಾಲದಲ್ಲಿ ಆಕ್‌ವರ್ಥ್ ಕುಷ್ಠರೋಗ ಆಸ್ಪತ್ರೆಯಿದೆ. ಅಂದಿನ ಪುರಸಭಾ ಆಯುಕ್ತ ಎಚ್. ಎ. ಆಕ್‌ವರ್ಥ್ ಅವರ ಪ್ರಯತ್ನದಿಂದ 1890ರಲ್ಲಿ ನಿರ್ಗತಿಕ ರೋಗಿಗಳ ಆಶ್ರಯವಾಗಿ ಅದು ಆರಂಭವಾಯಿತು. (ಈ ಆಂಗ್ಲ ಅಧಿಕಾರಿ ಮರಾಠಿ ಪೋವಾಡಗಳನ್ನು ಸಂಗ್ರಹಿಸಿದವರೂ ಹೌದು.) ನಮ್ಮ ಊರಿನ ಕಡೆ, ಮಂಗಳೂರಿನ ಕಂಕನಾಡಿಯಲ್ಲಿ, ಫಾದರ್ ಅಗಸ್ಟಸ್ ಮುಲ್ಲರ್ ಅವರು ಕುಷ್ಠರೋಗಿಗಳ ಆರೈಕೆಗೆ ತೊಡಗಿದ್ದೂ ಅದೇ ಶತಮಾನದ ಕೊನೆಯ ಭಾಗದಲ್ಲಿ.

ಪರೇಲ್‌ನ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರದಲ್ಲಿ ಡಾ. ವಿ. ಆರ್. ಖಾನೋಲ್ಕರ್, ಡಾ. ಕಮಲ್ ರಣದಿವೆ ಮತ್ತು ಸಿ. ವಿ. ಬಾಪಟ್ ಅವರು 1958ರಲ್ಲಿ ರೋಗಿಯ ಗಂಟಿನಿಂದ ಒಂದು ಬ್ಯಾಕ್ಟೀರಿಯವನ್ನು ಬೆಳೆಸಿದರು. ಅದು ಕುಷ್ಠರೋಗಾಣುವೇ ಅಲ್ಲ, ಅದರ ಇನ್ನೊಬ್ಬ ದಾಯಾದಿ ಎಂದು ನಂತರ ತಿಳಿಯಿತು. ಆದರೆ ಎರಡರ ಪ್ರತಿಜನಕಗಳಲ್ಲಿ ಸಾಮ್ಯವಿದ್ದುದರಿಂದ, ಅದನ್ನು ವಿಕಿರಣದಿಂದ ನಿರ್ಜೀವಗೊಳಿಸಿ ಡಾ. ಎಂ. ಜಿ. ದೇವ್ ಅವರ ತಂಡವು ಕೇಂದ್ರದ ಹೆಸರಿನಲ್ಲೇ ಐಸಿಆರ್‌ಸಿ ಲಸಿಕೆಯನ್ನು ಸಿದ್ಧಪಡಿಸಿತು. ಬೆಳೆಸಲಾಗದ ಶತ್ರುವನ್ನು ಅವನ ಬಂಧುವಿನ ಮೂಲಕ ದೇಹಕ್ಕೆ ಪರಿಚಯಿಸುವ ಉಪಾಯ ಇದು. ತಮಿಳುನಾಡಿನ ಚೆಂಗಲ್ಪಟ್ಟು ಪ್ರದೇಶದಲ್ಲಿ 1,71,400 ಜನರ ಮೇಲೆ ನಡೆದ ತುಲನಾತ್ಮಕ ಪರೀಕ್ಷೆಯ ಫಲಿತಾಂಶ 1998ರಲ್ಲಿ ಪ್ರಕಟವಾದಾಗ, ಐಸಿಆರ್‌ಸಿ ಲಸಿಕೆ ಶೇಕಡಾ 65.5ರಷ್ಟೂ, ಬಿಸಿಜಿಯೊಂದಿಗೆ ಸತ್ತ ಕುಷ್ಠರೋಗಾಣುವನ್ನು ಬೆರೆಸಿದ್ದು ಶೇಕಡಾ 64ರಷ್ಟೂ, ಬಿಸಿಜಿ ಒಂದೇ ಶೇಕಡಾ 34.1ರಷ್ಟೂ ರಕ್ಷಣೆ ನೀಡಿದವು. ಇಷ್ಟಾದರೂ ಮುಂಬಯಿಯ ಈ ಲಸಿಕೆ ಸಾಮಾನ್ಯ ಬಳಕೆಗೆ ಬರಲಿಲ್ಲ. ಔಷಧಿಗಳಿಂದಲೇ ರೋಗ ಇಳಿಮುಖವಾಗುತ್ತಿದ್ದಾಗ ಲಸಿಕೆಯ ಮೇಲಿನ ಉತ್ಸಾಹ ಕುಗ್ಗಿತೆಂದು ನಮಗೆ ತೋರುತ್ತದೆ.

ವರ್ಲಿಯ ಫೌಂಡೇಶನ್ ಫಾರ್ ಮೆಡಿಕಲ್ ರಿಸರ್ಚ್ ಸಂಸ್ಥೆಯನ್ನು 1975ರಲ್ಲಿ ಕಟ್ಟಿದ ಡಾ. ನೋಶಿರ್ ಆಂಟಿಯಾ ಅವರು ಪ್ಲಾಸ್ಟಿಕ್ ಶಸ್ತ್ರಚಿಕಿತ್ಸಕರು. ಮಡಚಿದ ಬೆರಳುಗಳನ್ನು ನೇರಗೊಳಿಸುತ್ತಿದ್ದವರಿಗೆ ಬೆರಳು ಮಡಚಿದ್ದೇಕೆಂಬ ಪ್ರಶ್ನೆ ಮುಖ್ಯವಾದದ್ದು ಸಹಜ. ಚರ್ಮದ ಕಾಯಿಲೆಯೆಂದು ಜನ ತಿಳಿದ ಕುಷ್ಠವನ್ನು ನರದ ಕಾಯಿಲೆಯಾಗಿ ನೋಡಬೇಕೆಂಬ ದೃಷ್ಟಿಯ ಸಂಶೋಧನೆ ಅಲ್ಲಿ ನಡೆಯಿತು.

ನರದೊಳಗಿನ ಕಾಳಗ

ನರತಂತುಗಳಿಗೆ ಹೊದಿಕೆಯಾಗಿರುವ ಶ್ವಾನ್ ಕೋಶಗಳಲ್ಲಿ ಈ ರೋಗಾಣು ಅಡಗುತ್ತದೆ. ವರ್ಷಗಟ್ಟಲೆ ಅಲ್ಲಿ ಸುಮ್ಮನೆ ಇರಬಲ್ಲದು; ಸೋಂಕಿನಿಂದ ಮೊದಲ ಮಚ್ಚೆಯವರೆಗೆ ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷಗಳೂ ಹಿಡಿಯುತ್ತವೆ. ಒಂದು ದಿನ ಟಿ ಕೋಶಗಳು ಅಡಗಿದ್ದ ಪ್ರೋಟೀನುಗಳನ್ನು ಗುರುತಿಸಿದಾಗ ಕಾಳಗ ನಡೆಯುವುದು ನರದೊಳಗೆ. ಬಿಗಿಯಾದ ಕವಚದೊಳಗಿರುವ ನರ ಊದಿಕೊಂಡರೆ ಹಿಗ್ಗಲು ಸ್ಥಳವಿಲ್ಲ. ಒತ್ತಡಕ್ಕೆ ಸಿಲುಕಿ ತಂತುಗಳು ನಾಶವಾಗುತ್ತವೆ. ಮೊಣಕೈಯ ಒಳಬದಿಯ ನರ ಕೆಟ್ಟರೆ ಕಿರುಬೆರಳು, ಉಂಗುರಬೆರಳುಗಳು ಮಡಚುತ್ತವೆ. ಮೊಣಕಾಲಿನ ಪಕ್ಕದ ನರ ಕೆಟ್ಟರೆ ಪಾದ ಜೋತುಬೀಳುತ್ತದೆ. ಕಣಕಾಲಿನ ನರ ಕೆಟ್ಟರೆ ಅಂಗಾಲು ಮರಗಟ್ಟಿ, ಚಪ್ಪಲಿಯೊಳಗೆ ಹೊಕ್ಕ ಕಲ್ಲು ತಿಳಿಯದೆ ಹುಣ್ಣಾಗುತ್ತದೆ.

ಕುಟುಂಬದವರು ತಿಳಿದಿರಲೇಬೇಕಾದ ಅಂಶ ಇಲ್ಲಿದೆ. ಎರಡು ತುದಿಗಳ ನಡುವಿನ ಮೆಟ್ಟಿಲುಗಳಲ್ಲಿರುವ ರೋಗಿಗಳಲ್ಲಿ ಶೇಕಡಾ 30ರವರೆಗೆ, ರೋಗನಿರೋಧಕ ವ್ಯವಸ್ಥೆ ಇದ್ದಕ್ಕಿದ್ದಂತೆ ಚುರುಕಾಗಿ ಹಳೆಯ ಮಚ್ಚೆಗಳು ಕೆಂಪೇರಿ ಊದಿಕೊಳ್ಳುತ್ತವೆ, ನರಗಳು ನೋಯುತ್ತವೆ. ಇದಕ್ಕೆ ರಿಯಾಕ್ಷನ್ ಎನ್ನುತ್ತಾರೆ. ಬಹುಪಾಲು ಇದು ಔಷಧಿ ಆರಂಭಿಸಿದ ಮೊದಲ ತಿಂಗಳುಗಳಲ್ಲಿ, ಕೆಲವೊಮ್ಮೆ ಔಷಧಿ ಮುಗಿದ ಮೇಲೆಯೂ ಕಾಣಿಸುತ್ತದೆ. ಸತ್ತ ರೋಗಾಣುಗಳ ಪ್ರೋಟೀನುಗಳೂ ಟಿ ಕೋಶಗಳಿಗೆ ಪ್ರೋಟೀನುಗಳೇ ತಾನೆ! ಆದರೆ ಮನೆಯವರಿಗೆ ತೋರುವುದು ಬೇರೆ: ಮಾತ್ರೆಯಿಂದ ರೋಗ ಹೆಚ್ಚಾಯಿತು, ಮಾತ್ರೆ ದೇಹಕ್ಕೆ ಒಗ್ಗಲಿಲ್ಲ. ಮಾತ್ರೆ ನಿಲ್ಲುತ್ತದೆ, ನಾಟಿ ಲೇಪ ಆರಂಭವಾಗುತ್ತದೆ, ಆ ಕೆಲವು ವಾರಗಳಲ್ಲಿ ನರ ಹೋಗಿಬಿಡುತ್ತದೆ. ಸರಿಯಾದ ಕ್ರಮವೆಂದರೆ ರೋಗಾಣುನಾಶಕ ಮಾತ್ರೆಗಳನ್ನು ನಿಲ್ಲಿಸದೆ, ವೈದ್ಯರ ನಿಗಾದಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ನಿಂದ ಉರಿಯೂತವನ್ನು ತಣಿಸುವುದು. ಕೈಕಾಲಿನ ದೌರ್ಬಲ್ಯ ಆರಂಭವಾಗಿ 6 ತಿಂಗಳೊಳಗೆ ಈ ಚಿಕಿತ್ಸೆ ದೊರೆತರೆ ನರ ಮತ್ತೆ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ತಡವಾದಷ್ಟೂ ಆಸೆ ಕಡಿಮೆ.

ರೋಗಾಣುಗಳು ಹೇರಳವಾಗಿರುವ ರೋಗಿಗಳಲ್ಲಿ ಇನ್ನೊಂದು ಬಗೆಯ ರಿಯಾಕ್ಷನ್ ಉಂಟು. ಜ್ವರದೊಂದಿಗೆ ಚರ್ಮದಲ್ಲಿ ನೋವಿನ ಕೆಂಪು ಗಂಟುಗಳು ಏಳುತ್ತವೆ. ಕಣ್ಣು, ಕೀಲು, ಮೂತ್ರಪಿಂಡಗಳಿಗೂ ತೊಂದರೆಯಾಗಬಹುದು. ಪ್ರತಿಕಾಯಗಳು ರೋಗಾಣುವಿನ ಅವಶೇಷಗಳೊಂದಿಗೆ ಕಟ್ಟಿಕೊಳ್ಳುವ ಜೋಡಿಗಳಿಗೆ ಇದರಲ್ಲಿ ಪಾತ್ರವಿದೆಯೆಂದು ತಿಳಿಯಲಾಗಿದೆ. ಇದೂ ತಜ್ಞರ ಚಿಕಿತ್ಸೆಯನ್ನು ಬೇಡುವಂಥದು.

ಚಿಕಿತ್ಸೆ, ಕಾನೂನು, ಮುಂದಿನ ಲಸಿಕೆ

ರಿಫಾಂಪಿಸಿನ್, ಕ್ಲೊಫಾಜಿಮಿನ್, ಡ್ಯಾಪ್ಸೋನ್ ಇವುಗಳ ಸಂಯುಕ್ತ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಸೂಚಿಸಿತು. ರೋಗದ ಪ್ರಮಾಣಕ್ಕನುಗುಣವಾಗಿ 6 ಅಥವಾ 12 ತಿಂಗಳು ಸೇವಿಸಬೇಕಾದ ಈ ಮಾತ್ರೆಗಳು ಸರಕಾರಿ ಮತ್ತು ಪಾಲಿಕೆಯ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ಹರಡುವ ಭಯ ಬಹುಮಟ್ಟಿಗೆ ಇಲ್ಲವಾಗುತ್ತದೆ. ತಟ್ಟೆ ಲೋಟ ಬೇರೆ ಇಡುವುದಕ್ಕೂ ಮನೆಯಿಂದ ಹೊರಗಿಡುವುದಕ್ಕೂ ಯಾವ ಆಧಾರವೂ ಇಲ್ಲ. ಮನೆಯ ಇತರರನ್ನು ಪರೀಕ್ಷಿಸಿ, ರೋಗಲಕ್ಷಣವಿಲ್ಲದವರಿಗೆ ರಿಫಾಂಪಿಸಿನ್‌ನ ಒಂದೇ ಒಂದು ಮುಂಜಾಗ್ರತಾ ಮಾತ್ರೆ ನೀಡುವ ಕ್ರಮವೂ ಜಾರಿಯಲ್ಲಿದೆ. ಬಾಂಗ್ಲಾದೇಶದ ಅಧ್ಯಯನದಲ್ಲಿ ಅದು ಮೊದಲ ಎರಡು ವರ್ಷಗಳಲ್ಲಿ ಹೊಸ ರೋಗವನ್ನು ಶೇಕಡಾ 57ರಷ್ಟು ತಗ್ಗಿಸಿತ್ತು.

ಕಾನೂನೂ ನಿಧಾನವಾಗಿ ವಿಜ್ಞಾನದ ಹಾದಿಗೆ ಬಂದಿದೆ. ರೋಗಿಗಳನ್ನು ಬಲವಂತವಾಗಿ ಪ್ರತ್ಯೇಕಿಸಲು ಅವಕಾಶವಿತ್ತಿದ್ದ 1898ರ ಕಾಯಿದೆ 2016ರಲ್ಲಿ ರದ್ದಾಯಿತು. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ಅಂಶವನ್ನು ಹಿಂದೂ ವಿವಾಹ ಕಾಯಿದೆಯೂ ಸೇರಿದಂತೆ ಹಲವು ವೈಯಕ್ತಿಕ ಕಾನೂನುಗಳಿಂದ 2019ರಲ್ಲಿ ತೆಗೆದುಹಾಕಲಾಯಿತು.

ಪ್ರೋಟೀನುಗಳ ಅಧ್ಯಯನದ ಇತ್ತೀಚಿನ ಫಲ ಲೆಪ್‌ವ್ಯಾಕ್ಸ್ ಎಂಬ ಲಸಿಕೆ. ಇಡೀ ರೋಗಾಣುವಿನ ಬದಲು ಅದರ ನಾಲ್ಕು ಆಯ್ದ ಪ್ರೋಟೀನುಗಳನ್ನು ಒಂದೇ ಸರಪಳಿಯಾಗಿ ಬೆಸೆದು, ಟಿ ಕೋಶಗಳನ್ನು ಹೋರಾಟದ ದಾರಿಗೆ ಒಲಿಸುವ ಸಹಾಯಕ ದ್ರವ್ಯವೊಂದರೊಂದಿಗೆ ಇದನ್ನು ಅಮೆರಿಕದ ಸಿಯಾಟಲ್‌ನಲ್ಲಿ ತಯಾರಿಸಲಾಗಿದೆ. ಆರೋಗ್ಯವಂತ ಸ್ವಯಂಸೇವಕರ ಮೇಲಿನ ಮೊದಲ ಹಂತದ ಪರೀಕ್ಷೆಯ ವರದಿ 2020ರಲ್ಲಿ ಹೊರಬಂದಿತು. ಲಸಿಕೆ ಸುರಕ್ಷಿತವೆಂದೂ ಟಿ ಕೋಶಗಳು ಆ ಪ್ರೋಟೀನುಗಳನ್ನು ಗುರುತಿಸಲು ಕಲಿತವೆಂದೂ ಅದರಲ್ಲಿ ಕಂಡುಬಂದಿದೆ. ಕುಷ್ಠರೋಗವು ಇಂದಿಗೂ ವ್ಯಾಪಕವಾಗಿರುವ ಬ್ರೆಜಿಲ್ ದೇಶವನ್ನು ಮುಂದಿನ ಪರೀಕ್ಷೆಗೆ ಆರಿಸಿಕೊಳ್ಳಲಾಗಿದೆ.